ಬೇಳೆ ಬೇಯದ ನೀರು: ಕೊಳ್ಳೇಗಾಲ ಸೀಮೆಯ ಬಿಯರ್ ಚರ್ಚೆಗೆ ಒಂದು ತಿದ್ದುಪಡಿ

ಗಡಸು ನೀರಿನ ಸೀಮೆಯಲ್ಲಿ ಒಳ್ಳೆಯ ಬಿಯರ್ ಆಗದು ಎಂಬ ಮಾತು ಎಷ್ಟು ಬೇರೂರಿದೆಯೆಂದರೆ ಅದಕ್ಕೆ ಆಧಾರ ಕೇಳುವವರೇ ಇಲ್ಲ. ಹಳೆಯ ಬ್ರೂವರಿಗಳು ನೀಲಗಿರಿಯಲ್ಲಿ ಹುಟ್ಟಿದ್ದನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ: ಬಿಳಿಯರು ಬೆಟ್ಟದ ಮೆದು ನೀರನ್ನು ಹುಡುಕಿಕೊಂಡು ಹೋದರು, ಕೊಳ್ಳೇಗಾಲ, ಹನೂರು, ಯಳಂದೂರಿನ ಬಾವಿ ನೀರು ಆ ಕೆಲಸಕ್ಕೆ ಒಗ್ಗದು ಎಂದು. ಯಂತ್ರದ ತಂಪು ಬರುವ ಮುಂಚೆ ಬಿಯರ್ ಹುದುಗಲು ಚಳಿ ಬೇಕಿತ್ತು, ಕುಡಿಯುವ ಸೋಲ್ಜರುಗಳ ದಂಡೂ ಅಲ್ಲೇ ಇತ್ತು ಎಂಬುದನ್ನು ಈ ವಾದ ಮರೆಯುತ್ತದೆ. 1915ರಲ್ಲಿ ಥಾಮಸ್ ಲೀಷ್‌ಮನ್ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ಅವುಗಳಲ್ಲಿ ಬೆಂಗಳೂರಿನದೂ ಇತ್ತು. ಬಿಯರಿಗೆ ಜಗತ್ಪ್ರಸಿದ್ಧವಾದ ಇಂಗ್ಲೆಂಡಿನ ಬರ್ಟನ್ ಊರಿನ ನೀರಂತೂ ಜಿಪ್ಸಂ ತುಂಬಿದ ಕಡು ಗಡಸು ನೀರು.

ಈ ಸೀಮೆಯ ಕಾಗದಪತ್ರಗಳು ಒಂದೇ ಕಡೆ ಸಿಗದಿರುವುದೂ ತಪ್ಪು ಬೆಳೆಯಲು ಎಡೆಮಾಡಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಮೈಸೂರಿನ ನೆಲ. ಕೊಳ್ಳೇಗಾಲ, ಅದರೊಳಗಿನ ಹನೂರು ಸಹಿತ, 1956ರವರೆಗೆ ಕೊಯಮತ್ತೂರು ಜಿಲ್ಲೆಯದು. ಅಕ್ಕಪಕ್ಕದ ಊರುಗಳಿಗೆ ಎರಡು ಅಬಕಾರಿ ಕಾನೂನು. ಮೈಸೂರಿನ ಕಡತವನ್ನಷ್ಟೇ ನೋಡಿದವರಿಗೆ ಅರ್ಧ ಸೀಮೆ ಕಾಣುವುದೇ ಇಲ್ಲ.

ಅಸಲು ತಗಾದೆ ಇರುವುದು ಬೇಳೆಯ ವಿಚಾರದಲ್ಲಿ. ತೊಗರಿಬೇಳೆ ಬೇಯದಿದ್ದರೆ, ಸೋಪು ನೊರೆ ಕೊಡದಿದ್ದರೆ ನೀರು ಗಡಸು ಎಂದು ನಮ್ಮ ಹೆಂಗಸರು ತೀರ್ಮಾನಿಸುತ್ತಾರೆ. ಆ ತೀರ್ಮಾನ ಸರಿಯಾದದ್ದೇ. ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನನ್ನು ಬಿಗಿಹಿಡಿಯುತ್ತದೆ, ಕಾಳು ಕರಗುವುದಿಲ್ಲ. ತಪ್ಪು ನಡೆಯುವುದು ಇದಾದ ಮೇಲೆ: ಬೇಳೆಗೆ ಆಗದ ನೀರು ಬಿಯರಿಗೂ ಆಗದು ಎಂದುಬಿಡುತ್ತಾರೆ. ಮಾಲ್ಟ್ ನುಚ್ಚನ್ನು ಬಿಸಿನೀರಿಗೆ ಕಲಸಿದಾಗ ಅದೇ ಕ್ಯಾಲ್ಸಿಯಂ ಮಾಲ್ಟಿನ ಫಾಸ್ಫೇಟಿನೊಡನೆ ಸೇರಿ ಹುಳಿಯನ್ನು ಬಿಡಿಸುತ್ತದೆ, ಪಿಎಚ್ಅನ್ನು 5.2ರಿಂದ 5.5ರ ಕಡೆಗೆ ಇಳಿಸುತ್ತದೆ. ಅದನ್ನು ಮೇಲಕ್ಕೆ ಎಳೆಯುವುದು ಬೈಕಾರ್ಬೊನೇಟು, ಅಂದರೆ ನೀರಿನ ಕ್ಷಾರೀಯತೆ. ಜರ್ಮನ್ ಬ್ರೂಯಿಂಗ್ ವಿಜ್ಞಾನಿ ಪಾಲ್ ಕೊಲ್‌ಬಾಖ್ 1953ರಲ್ಲಿ ಇವೆರಡರ ಜಗ್ಗಾಟವನ್ನು ಲೆಕ್ಕಕ್ಕೆ ತಂದ: ಎಲ್ಲವನ್ನೂ ಕ್ಯಾಲ್ಸಿಯಂ ಕಾರ್ಬೊನೇಟಿನ ಅಳತೆಯಲ್ಲಿ ಹಿಡಿದು, ಕ್ಯಾಲ್ಸಿಯಂ ಗಡಸುತನದ 3.5ರಲ್ಲೊಂದು ಪಾಲನ್ನೂ ಮೆಗ್ನೀಸಿಯಂ ಗಡಸುತನದ 7ರಲ್ಲೊಂದು ಪಾಲನ್ನೂ ಕ್ಷಾರೀಯತೆಯಿಂದ ಕಳೆದರೆ ಉಳಿಯುವುದೇ ಶೇಷ ಕ್ಷಾರೀಯತೆ.

ಎರಡು ಬಾವಿಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ಲೀಟರಿಗೆ ಕ್ಯಾಲ್ಸಿಯಂ ಗಡಸುತನ 250 ಮಿ.ಗ್ರಾಂ, ಮೆಗ್ನೀಸಿಯಂ ಗಡಸುತನ 150. ಒಟ್ಟು 400, ಎರಡರಲ್ಲೂ ಬೇಳೆ ಸತಾಯಿಸುತ್ತದೆ. ಕಳೆಯಬೇಕಾದ ಪಾಲು ಎರಡಕ್ಕೂ ಸುಮಾರು 93. ಒಂದರ ಕ್ಷಾರೀಯತೆ 350 ಆದರೆ ಉಳಿಯುವುದು 257. ಮಾಸಲು ಬಣ್ಣದ, ಒಗರು ಬಿಯರಿಗೆ ಅದೇ ದಾರಿ. ಇನ್ನೊಂದರದು 120 ಆದರೆ ಉಳಿಯುವುದು 27. ತಿಳಿಬಣ್ಣದ ಬಿಯರಿಗೂ ಆದೀತು. ಬೇಳೆ ಈ ವ್ಯತ್ಯಾಸವನ್ನು ಹೇಳಲಾರದು. (ಒಟ್ಟು ಗಡಸುತನದ ಒಂದೇ ಅಂಕಿಯಿಂದ ತೀರ್ಪು ಕೊಡುವವರು ಕೊಲ್‌ಬಾಖನನ್ನು ತೆರೆದೇ ನೋಡಿಲ್ಲ ಎನ್ನದೆ ವಿಧಿಯಿಲ್ಲ.)

ಇನ್ನೂ ಮುಖ್ಯವಾದದ್ದು ಇದಕ್ಕೆ ತದ್ವಿರುದ್ಧವಾದ ನೀರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ 1807ರಲ್ಲಿ ಮೂರು ಸಂಪುಟ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಉಪ್ಪಿನ ಮಣ್ಣನ್ನೂ ಸೋಡಾ ಮಣ್ಣನ್ನೂ ಬೇರೆಬೇರೆಯಾಗಿ ಗುರುತಿಸಿದ್ದಾನೆ. ಬೇಸಾಯದ ಚರಿತ್ರೆಕಾರರು ಅವನನ್ನು ಅರೆದು ಕುಡಿದಿದ್ದಾರೆ, ನೀರಿನ ಬಗ್ಗೆ ಬರೆಯುವವರು ಮುಟ್ಟಿಲ್ಲ. ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣಿನ ಸೋಡಾ ನೀರಿಗಿಳಿದರೆ ಬೇಳೆ ಬೇಗ ಕರಗುತ್ತದೆ, ಸೋಪು ಧಾರಾಳವಾಗಿ ನೊರೆ ಬಿಡುತ್ತದೆ. ಅಡುಗೆಮನೆ ಮೆಚ್ಚುವ ಈ ನೀರೇ ಬಿಯರಿಗೆ ಎಲ್ಲಕ್ಕಿಂತ ಕೆಟ್ಟದ್ದು: ಕ್ಷಾರ ತುಂಬಿದೆ, ಎದುರು ನಿಲ್ಲುವ ಕ್ಯಾಲ್ಸಿಯಂ ಇಲ್ಲ.

ಹಂಡೆಯ ತಳದ ಬಿಳಿ ಹೊಪ್ಪಳೆಯನ್ನೂ ಹೀಗೆಯೇ ತಲೆಕೆಳಗಾಗಿ ಓದಿದ್ದಾರೆ. ಅದರ ಮೇಲೆ ನಿಂಬೆಹುಳಿ ಹಿಂಡಿದರೆ ಬುಸುಬುಸು ನೊರೆಯೇಳುತ್ತದೆ, ಅದು ಕಾರ್ಬೊನೇಟು. ನೀರನ್ನು ಬಿಟ್ಟು ಹೊರಬಂದ ಕ್ಷಾರ ಅದು. ಅಂದರೆ ಆ ನೀರನ್ನು ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದುಕೊಂಡರೆ ಬಹುಪಾಲು ಕೆಲಸ ಮುಗಿದಂತೆ. 1841ರಲ್ಲಿ ಥಾಮಸ್ ಕ್ಲಾರ್ಕ್ ಪೇಟೆಂಟ್ ಪಡೆದ ಸುಣ್ಣದ ವಿಧಾನವೂ ಇಂಥ ನೀರಿಗೇ ಹೊಂದುತ್ತದೆ. ಸೋಡಾ ನೀರಿಗೆ ಕುದಿತವೂ ಸಾಲದು, ಸುಣ್ಣವೂ ಸಾಲದು. ಲ್ಯಾಕ್ಟಿಕ್ ಆಮ್ಲ ಹಾಕಬೇಕು, ಇಲ್ಲವೇ ಮಳೆನೀರನ್ನೋ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೋ ಬೆರೆಸಿ ಚಿಟಿಕೆ ಜಿಪ್ಸಂ ಸೇರಿಸಬೇಕು. ಕೊಳ್ಳೇಗಾಲ ಪಟ್ಟಣದ ಕಾವೇರಿ ನಲ್ಲಿ ನೀರಿನ ಪ್ರಶ್ನೆ ಬೇರೆ: ಅಲ್ಲಿ ಮೊದಲು ಹೋಗಬೇಕಾದ್ದು ಕ್ಲೋರಿನ್, ಇಲ್ಲದಿದ್ದರೆ ಬಿಯರಿಗೆ ಆಸ್ಪತ್ರೆಯ ವಾಸನೆ ಹತ್ತುತ್ತದೆ.

ಪರವಾನಗಿಯಿಲ್ಲದೆ ಮದ್ಯ ತಯಾರಿಕೆಯನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ನಿಷೇಧಿಸಿದೆ. ಮನೆಯ ಬಿಯರಿಗೂ ಅದು ಅನ್ವಯಿಸುತ್ತದೆ. ಆದರೆ ನನ್ನ ವಾದವನ್ನು ಪರೀಕ್ಷಿಸಲು ಏನನ್ನೂ ಹುದುಗಿಸಬೇಕಿಲ್ಲ. ಮಾಲ್ಟ್ ನುಚ್ಚನ್ನು ಬಿಸಿನೀರಲ್ಲಿ ಕಲಸಿ ಪಿಎಚ್ ಅಳೆದರೆ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಟ್ಟು ಗಡಸುತನಕ್ಕೂ ಕ್ಷಾರೀಯತೆಗೂ ಒಂದೇ ಮಿತಿ, 200, ಎಂದು ಬೇರೆಬೇರೆ ಸಾಲುಗಳಲ್ಲಿ ಹೇಳುತ್ತದೆ. ಎರಡನೆಯ ಸಾಲನ್ನು ಬಿಟ್ಟು ಮೊದಲನೆಯದನ್ನಷ್ಟೇ ಓದಿ ಈ ಮೂರು ತಾಲ್ಲೂಕುಗಳ ಮೇಲೆ ಕೊಟ್ಟಿರುವ ತೀರ್ಪು ಊರ್ಜಿತವಾಗುವುದಿಲ್ಲ.