ಆಗದೆ ಉಳಿದದ್ದರ ದಾಖಲೆ: ಸಯನ್ ಮತ್ತು ಪರೇಲ್‌ನಿಂದ ಶುಶ್ರೂಷಾ ಸಂಶೋಧನೆ ಕುರಿತ ಒಂದು ಟಿಪ್ಪಣಿ

2011ರ ಆರಂಭದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಮೂವರು ವೈದ್ಯರು ಮುಂಬಯಿಯ ಪರೇಲ್‌ನಲ್ಲಿರುವ ಕೆ.ಇ.ಎಂ. ಆಸ್ಪತ್ರೆಗೆ ಹೋಗಿ ಅರುಣಾ ಶಾನಭಾಗರನ್ನು ಪರೀಕ್ಷಿಸಿದರು. ಅವರಲ್ಲೊಬ್ಬರಾದ ಡಾ. ನೀಲೇಶ್ ಶಾಹ್ ಆಗ ಅದೇ ನಗರದ ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದರು. ಅರುಣಾ ಉತ್ತರ ಕನ್ನಡದ ಹಳದೀಪುರದ ಹುಡುಗಿ, ಕೆ.ಇ.ಎಂ.ನಲ್ಲೇ ನರ್ಸ್ ಆಗಿದ್ದವರು. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯೊಳಗೆ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಅವರ ಕುರಿತು ಕೋರ್ಟ್ ಕೊಟ್ಟ 2011ರ ಮಾರ್ಚ್ 7ರ ತೀರ್ಪನ್ನು ಎಲ್ಲರೂ ದಯಾಮರಣದ ಪ್ರಶ್ನೆಗಾಗಿ ಓದುತ್ತಾರೆ. ಅದರಲ್ಲಿ ಸೇರಿರುವ ವೈದ್ಯರ ವರದಿಯ ಒಂದೇ ಒಂದು ಸಾಲಿಗಾಗಿ ನಾನು ಅದನ್ನು ಮತ್ತೆ ಮತ್ತೆ ತೆರೆದಿದ್ದೇನೆ. ಅಲ್ಲಿರುವುದು ಇಷ್ಟು: ಚರ್ಮ ಒಟ್ಟಾರೆ ಚೆನ್ನಾಗಿದೆ, ಬೆಡ್‌ಸೋರ್ ಇಲ್ಲ, ಹಿಂದೆಂದೋ ಆಗಿ ಮಾಗಿದ ಬೆಡ್‌ಸೋರಿನ ಗುರುತೂ ಇಲ್ಲ.

ಮೂವತ್ತೇಳು ವರ್ಷ ಹಾಸಿಗೆಯಲ್ಲಿದ್ದ ದೇಹದ ಮೇಲೆ ಒಂದು ಕಲೆಯೂ ಇಲ್ಲ. ಪಾಳಿಯ ನಂತರ ಪಾಳಿಯಂತೆ, ತಲೆಮಾರಿನ ನಂತರ ತಲೆಮಾರಿನಂತೆ ಅಲ್ಲಿನ ಸಿಸ್ಟರ್‌ಗಳು ಮಾಡಿದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆದರೆ ಈ ಸಾಕ್ಷ್ಯದ ಸ್ವರೂಪವನ್ನು ಗಮನಿಸಬೇಕು. ಅದು 'ಇಲ್ಲ' ಎಂಬ ರೂಪದಲ್ಲಿದೆ. ಶಸ್ತ್ರಚಿಕಿತ್ಸೆ ಮಾಡಿದವರಿಗೆ ತೋರಿಸಲು ಹೊಲಿಗೆ ಇರುತ್ತದೆ, ಔಷಧ ಕೊಟ್ಟವರಿಗೆ ಇಳಿದ ಜ್ವರ ಇರುತ್ತದೆ. ಶುಶ್ರೂಷೆಯ ಫಲವೋ ಬಹುಪಾಲು ಆಗದೆ ಉಳಿದದ್ದು: ಏಳದ ಹುಣ್ಣು, ತಗಲದ ಸೋಂಕು, ಸಾಯದ ಮಗು. ಆಗದೆ ಉಳಿದದ್ದನ್ನು ಎಣಿಸಲು ವಿಧಾನ ಬೇಕು. ಶುಶ್ರೂಷಾ ಸಂಶೋಧನೆ ಹುಟ್ಟಿದ್ದು ಆ ಅಗತ್ಯದಿಂದ ಎಂಬುದು ಈ ಟಿಪ್ಪಣಿಯ ನಿಲುವು.

ಈ ಎಣಿಕೆಯ ಇನ್ನೊಂದು ತುದಿ ಸಯನ್‌ನಲ್ಲೇ ಇದೆ. ಧಾರಾವಿಗೆ ತಾಗಿದಂತಿರುವ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫೆರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲು ಬ್ಯಾಂಕನ್ನು ತೆರೆದರು. ಹಾಲು ಹೆಚ್ಚಿರುವ ಬಾಣಂತಿಯರು ಕೊಟ್ಟದ್ದನ್ನು ಇಂಥ ಬ್ಯಾಂಕುಗಳಲ್ಲಿ 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ತಟ್ಟನೆ ತಣಿಸಿ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡು, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಕಾಪಿಡುತ್ತಾರೆ. ದಿನ ತುಂಬುವ ಮೊದಲೇ ಹುಟ್ಟಿದ, ತಾಯಿಯ ಹಾಲು ಸಿಗದ ಕೂಸುಗಳಿಗೆ ಅದು ಹೋಗುತ್ತದೆ.

ಇಲ್ಲಿ ತಕ್ಕಡಿಯನ್ನಷ್ಟೇ ನಂಬಿದರೆ ಮೋಸ ಹೋಗುತ್ತೇವೆ. ದಾನದ ಎದೆಹಾಲು ಮತ್ತು ಹಾಲುಪುಡಿಯನ್ನು ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಪುಡಿಯ ಹಾಲು ಕುಡಿದ ಕೂಸುಗಳ ತೂಕ ಬೇಗ ಏರಿತು. ಆದರೆ ಕರುಳಿನ ಗೋಡೆಯೇ ಕೊಳೆಯುವ ಮಾರಕ ರೋಗ ಅವುಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಏರಿದ ತೂಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಾರದೆ ಹೋದ ರೋಗ ಕಾಣುವುದು ಲೆಕ್ಕ ಇಟ್ಟವರಿಗೆ ಮಾತ್ರ.

ಕಾಂಗರೂ ಆರೈಕೆಯ ಮಾತೂ ಹೀಗೆಯೇ. ಕೂಸನ್ನು ತಾಯಿಯ ಎದೆಗೆ ಬರಿಮೈಗೆ ಬರಿಮೈ ತಾಗುವಂತೆ ಕಟ್ಟುವ ಈ ಪದ್ಧತಿ 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿಂದ ಶುರುವಾಯಿತು. ಕೆ.ಇ.ಎಂ.ನಲ್ಲಿ ಸುಮನ್ ರಾವ್, ರೇಖಾ ಉದಾನಿ, ರುಚಿ ನಾನಾವಟಿ ಅವರು 2,000 ಗ್ರಾಂಗಿಂತ ಕಡಿಮೆ ತೂಕದ 206 ಕೂಸುಗಳ ಮೇಲೆ ಅದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಎದೆಗಪ್ಪಿದ ಕೂಸುಗಳು ದಿನಕ್ಕೆ ಸರಾಸರಿ 23.99 ಗ್ರಾಂ ಏರಿದರೆ ಉಳಿದವು 15.58 ಗ್ರಾಂ ಏರಿದ್ದವು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ, ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದರೆ ಮೊದಲ 28 ದಿನಗಳ ಸಾವು ಶೇ. 15.7ರಿಂದ 12ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಇವು ವೈದ್ಯರು ಮುನ್ನಡೆಸಿದ ಅಧ್ಯಯನಗಳು, ನಿಜ. ಆದರೆ ಹೆದರಿದ ಬಾಣಂತಿಯ ಪಕ್ಕ ಕೂತು, ಕೂಸಿನ ಕತ್ತು ಮಡಚದಂತೆ ಹಿಡಿಸಿ, ಸೀರೆಯ ತುಂಡು ಬಿಗಿದು, ರಾತ್ರಿಯಿಡೀ ಉಸಿರು ನೋಡುವವರು ಸಿಸ್ಟರ್‌ಗಳೇ. ಲೇಖಕರ ಪಟ್ಟಿಯಲ್ಲಿ ಅವರ ಹೆಸರು ವಿರಳವಾಗಿರುವುದು ನನ್ನನ್ನು ನೋಯಿಸುತ್ತದೆ.

ಹಾಸಿಗೆ ಹಿಡಿದವರ ವಿಷಯಕ್ಕೆ ಮರಳುವೆ, ಏಕೆಂದರೆ ಇಲ್ಲಿ ಸಂಶೋಧನೆ ಮಾಡಿದ್ದು ಸ್ವತಃ ನರ್ಸ್‌ಗಳು. ಬೆನ್ನಿಗೆ ಸ್ಪಿರಿಟ್ ತೀಡಿ ಪೌಡರ್ ಹಾಕುವುದು ನಮ್ಮ ವಾರ್ಡುಗಳ ಹಳೆಯ ಪಾಠ. ಇಂಗ್ಲೆಂಡಿನ ನರ್ಸ್ ಡೊರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲೇ, ಹುಣ್ಣು ತಡೆಯುವುದು ಹಚ್ಚುವ ದ್ರವವಲ್ಲ, ಮಗ್ಗುಲು ಬದಲಿಸುವ ಕೆಲಸ ಎಂದು ಕಂಡಿದ್ದರು. ಮೂಳೆ ಉಬ್ಬಿದ ಜಾಗವನ್ನು ಉಜ್ಜಬಾರದೆಂದೇ ಈಗಿನ ಸಲಹೆ. ಬೆನ್ನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗ ಬಿಳಿಚಿಕೊಂಡರೆ ರಕ್ತ ಓಡುತ್ತಿದೆ; ಕೆಂಪಾಗಿಯೇ ಉಳಿದರೆ ಗಾಯ ಒಳಗೆ ಶುರುವಾಗಿದೆ. ನಮ್ಮಂಥ ಕಂದು ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು. ಆಗ ಬಿಸಿ, ಗಡಸು, ನೋವನ್ನು ಕೈಯೇ ಗುರುತಿಸಬೇಕು.

ಎರಡು ಗಂಟೆಗೊಮ್ಮೆ ಮಗ್ಗುಲು ಎಂಬ ನಿಯಮವನ್ನೂ ನರ್ಸ್ ಸಂಶೋಧಕಿ ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಪರೀಕ್ಷೆಗೊಡ್ಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅಮೆರಿಕ ಮತ್ತು ಕೆನಡಾದ 942 ವೃದ್ಧರಿದ್ದರು. ಎರಡು, ಮೂರು, ನಾಲ್ಕು ಗಂಟೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆದರೆ ಅವರು ಮಲಗಿದ್ದು ಒಳ್ಳೆಯ ದಟ್ಟ ಫೋಮಿನ ಹಾಸಿಗೆಗಳ ಮೇಲೆ. ತಗ್ಗು ಬಿದ್ದ ರೆಕ್ಸಿನ್ ಹಾಸಿಗೆ, ಮುಂಬಯಿಯ ಮೇ ತಿಂಗಳ ಬೆವರು, ಒಬ್ಬ ಸಿಸ್ಟರ್‌ಗೆ ಹತ್ತಾರು ರೋಗಿಗಳು ಇರುವಲ್ಲಿ ಆ ಉತ್ತರವನ್ನು ಹಾಗೇ ತಂದು ಹೇರುವುದು ತಪ್ಪು. ನಮ್ಮ ಪ್ರಶ್ನೆಗೆ ನಮ್ಮ ವಾರ್ಡಿನಲ್ಲೇ ಉತ್ತರ ಹುಡುಕಬೇಕು.

ನರ್ಸ್‌ಗಳ ಸಂಖ್ಯೆಯ ಪ್ರಶ್ನೆಯೂ ಸಣ್ಣದಲ್ಲ. ನರ್ಸ್ ಸಂಶೋಧಕಿ ಲಿಂಡಾ ಐಕನ್ ನೇತೃತ್ವದಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರಿತ್ತು. ಸಿಬ್ಬಂದಿ ನೇಮಕದ ಕಡತ ಮುಂದಿಡುವ ಯಾವ ಅಧಿಕಾರಿಯೂ ಈ ಅಂಕಿಯನ್ನು ಮರೆಯಬಾರದು.

ಭಾರತದಲ್ಲಿ ನರ್ಸಿಂಗ್ ಪಿಎಚ್.ಡಿ.ಗೆ ರಾಷ್ಟ್ರೀಯ ಒಕ್ಕೂಟವೊಂದಿದೆ. ಅದು ನಡೆಯುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿ. ಹಾಗಾಗಿ ದಾರಿ ಇಲ್ಲವೆನ್ನಲಾಗದು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಅವರನ್ನು ನೋಡಿಕೊಂಡ ಕೈಗಳಲ್ಲಿ ಹಲವು ಈಗ ನಿವೃತ್ತ. ಸಯನ್, ಪರೇಲ್‌ನ ವಾರ್ಡುಗಳಲ್ಲಿ ದುಡಿದ ಕನ್ನಡದ ಸಿಸ್ಟರ್‌ಗಳಲ್ಲಿ ನನ್ನ ಕೋರಿಕೆ ಒಂದೇ: ಯಾವ ರೋಗಿಯನ್ನು ಹೇಗೆ ಹೊರಳಿಸಿದಿರಿ, ಏನು ಉಣಿಸಿದಿರಿ, ಯಾವುದು ಫಲ ಕೊಡಲಿಲ್ಲ ಎಂಬುದನ್ನು ವರ್ಷ ತಿಂಗಳು ಸಹಿತ ಬರೆದಿಡಿ. ಕನ್ನಡದಲ್ಲೇ ಬರೆಯಿರಿ.