ಶ್ರೇಷ್ಠಿಯಿಂದ ಸಾಹುಕಾರನವರೆಗೆ

ಸಿರಿವಂತನಾದ ವರ್ತಕನಿಗೆ ನಮ್ಮ ನುಡಿಯಲ್ಲಿ ಸಲ್ಲುವ ಹಳೆಯ ಹೆಸರುಗಳ ಮೂಲವನ್ನು ಶೋಧಿಸಿದರೆ, ಅವುಗಳಲ್ಲಿ ಹಣದ ಮಾತಿಗಿಂತಲೂ ಗುಣದ ಮಾತೇ ಮೊದಲು ಕಾಣುವುದು. ಸಂಸ್ಕೃತದ ‘ಶ್ರೇಷ್ಠಿ’ಯು ಪ್ರಾಕೃತದಲ್ಲಿ ‘ಸೆಟ್ಠಿ’ಯಾಗಿ ಕನ್ನಡಕ್ಕೆ ‘ಸೆಟ್ಟಿ’ಯೆಂದು ಬಂದಿತು. ಹೆಚ್ಚಿನವನೆಂಬುದೇ ಅದರ ತಿರುಳು. ಉತ್ತರದಿಂದ ಬಂದ ‘ಸಾಹುಕಾರ’ ಶಬ್ದದಲ್ಲಿಯೂ ‘ಸಾಧು’ ಎಂಬುದು ಅಡಗಿರುವುದು.

ಶಾಸನಗಳ ಕಾಲದಲ್ಲಿ ಇವು ಬರಿಯ ಹೊಗಳಿಕೆಗಳಾಗಿರಲಿಲ್ಲ. ಹಿರಿಯ ವರ್ತಕನು ‘ವಡ್ಡವ್ಯವಹಾರಿ’; ಪಟ್ಟಣದ ವರ್ತಕರಿಗೆ ಮುಖ್ಯನಾಗಿ ಅದರ ಆಡಳಿತದಲ್ಲಿ ಭಾಗಿಯಾದವನು ‘ಪಟ್ಟಣಸ್ವಾಮಿ’. ಸಾಂತರರ ರಾಜಧಾನಿಯಾದ ಹೊಂಬುಚದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಬಸದಿಯನ್ನು ಕಟ್ಟಿಸಿದುದು 1062ರ ಶಾಸನದಿಂದ ತಿಳಿದುಬರುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಜಶ್ರೇಷ್ಠಿಗಳು ಪೊಯ್ಸಳಸೆಟ್ಟಿ, ನೇಮಿಸೆಟ್ಟಿ ಎಂಬವರು; ಅವರ ತಾಯಂದಿರಾದ ಮಾಚಿಕಬ್ಬೆ, ಶಾಂತಿಕಬ್ಬೆಯರು ಶ್ರವಣಬೆಳಗೊಳದ ತೇರಿನ ಬಸದಿಯನ್ನು 1117ರಲ್ಲಿ ಕಟ್ಟಿಸಿದರು. ಹೀಗೆ ಆ ಹೆಸರು ಊರಿಗೂ ಧರ್ಮಕ್ಕೂ ಕಟ್ಟುಬಿದ್ದುದಾಗಿದ್ದಿತು.

ಅರಸುಮನೆತನಗಳು ಅಳಿದವು, ಪದವಿಯು ಹೋಗಿ ಹೆಸರು ಮಾತ್ರ ಉಳಿಯಿತು. ‘ಸೆಟ್ಟಿ’ಯೆಂಬುದು ಕುಲದ ಹೆಸರಾಯಿತು. ‘ಸಾಹುಕಾರ’ನೆಂದರೆ ಸಾಲಗಾರನ ಕಣ್ಣಿಗೆ ಸಾಧುವಲ್ಲ, ಬಡ್ಡಿಯ ಲೆಕ್ಕವನ್ನು ಹಿಡಿದು ಬಾಗಿಲಿಗೆ ಬಂದವನು. ಈಚಿನ ‘ಬಂಡವಾಳಗಾರ’ ಶಬ್ದದಲ್ಲಿಯಾದರೋ ಗುಣದ ಸುಳಿವೂ ಇಲ್ಲ, ಊರಿನ ಸುಳಿವೂ ಇಲ್ಲ, ಹಣವೊಂದೇ ಉಂಟು.

ಹಿಂದಿನ ವರ್ತಕರೆಲ್ಲರೂ ಶ್ರೇಷ್ಠರೇ ಆಗಿದ್ದರೆಂದು ಇದರಿಂದ ಸಿದ್ಧವಾಗದು. ಆದರೆ ಸಿರಿವಂತನನ್ನು ಕರೆಯುವಾಗಲೆಲ್ಲ ಅವನಿಂದ ಏನನ್ನು ಬಯಸುವೆವೆಂಬುದನ್ನು ಅಂದಿನ ಜನರು ಆ ಹೆಸರಿನಲ್ಲಿಯೇ ಹೇಳುತ್ತಿದ್ದರು. ನಾವು ಕಳೆದುಕೊಂಡುದು ಆ ಬಯಕೆಯ ಮಾತನ್ನು.