ಸುಮ್ಮನಿದ್ದದ್ದು ಒಪ್ಪಿಗೆಯಲ್ಲ

ನಮ್ಮ ತಾತಂದಿರು ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು. ಹೆಬ್ಬೆಟ್ಟು ಬಿದ್ದ ಮೇಲೆ ಧಣಿ ಹೇಳುತ್ತಿದ್ದ: 'ಅವನೇ ಒಪ್ಕೊಂಡವ್ನೆ, ಬೇಕಾದ್ರೆ ಕೇಳಿ.' ಯಾರೂ ಕೇಳಲಿಲ್ಲ. ಕೇಳಿದ್ದರೂ ಧಣಿಯ ಎದುರಿಗೆ ತಾತ ಏನು ಹೇಳಿಯಾನು? ಕೈಲಾಗದವರ ಒಪ್ಪಿಗೆ ಅಂದರೆ ಏನು ಅಂತ ನಾವು ಕಾಲೇಜಿಗೆ ಹೋಗಿ ಕಲಿಯಬೇಕಾಗಿರಲಿಲ್ಲ. ಆದರೆ ಹೆಣ್ಣಿನ ಮೈಯ ವಿಚಾರದಲ್ಲಿ ಇಷ್ಟನ್ನು ಬರೆದುಕೊಳ್ಳಲು ಈ ದೇಶದ ಕಾನೂನಿಗೆ 41 ವರ್ಷ ಬೇಕಾಯಿತು. ಆ ಚರಿತ್ರೆಯನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ.

1972ರ ಮಾರ್ಚ್ 26, ರಾತ್ರಿ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆ. ಅಪ್ಪ ಅವ್ವ ಇಲ್ಲದ, ಮನೆಗೆಲಸ ಮಾಡಿ ಬದುಕುತ್ತಿದ್ದ ಆದಿವಾಸಿ ಹುಡುಗಿ. ವಯಸ್ಸು 14ರಿಂದ 16 ಅಂದರು ಡಾಕ್ಟರು. ಅಣ್ಣ ಕೊಟ್ಟ ದೂರಿನ ವಿಚಾರಣೆಗೆ ಬಂದಿದ್ದಳು. ಜೊತೆಗಿದ್ದವರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನು ಒಳಗೆ ಉಳಿಸಿಕೊಂಡರು. ಒಬ್ಬ ಪೇದೆ ಕೆಡಿಸಿದ, ಹೆಡ್ ಕಾನ್‌ಸ್ಟೇಬಲ್ ಮೈಮೇಲೆ ಕೈಹಾಕಿದ ಎಂದು ಹೊರಬಂದ ಅವಳು ಹೇಳಿದಳು.

1974ರಲ್ಲಿ ಸೆಷನ್ಸ್ ಕೋರ್ಟು ಅವಳನ್ನೇ ಸುಳ್ಳುಗಾತಿ ಅಂದಿತು. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಪೊಲೀಸರಿಗೆ ಶಿಕ್ಷೆ ಕೊಟ್ಟಿತು. ಹೆದರಿ ಮೈ ಬಿಡುವುದು ಬೇರೆ, ಮನಸಾರೆ ಒಪ್ಪುವುದು ಬೇರೆ ಎಂದಿತು. 1978ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅಳಿಸಿಹಾಕಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡೆ ಎಂಬ ಮಾತು ನಂಬುವಂಥದ್ದಲ್ಲ, ಆದ್ದರಿಂದ ಇಬ್ಬರೂ ನಿರ್ದೋಷಿಗಳು. ನಾವು ಕೇಳುತ್ತೇವೆ: ಠಾಣೆಯೊಳಗೆ ಸಿಕ್ಕ ಹುಡುಗಿ ಯಾರನ್ನು ಕೂಗಬೇಕಿತ್ತು? ಪೊಲೀಸರನ್ನೇ?

1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ್ ಕೇಳ್ಕರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗಿಳಿದರು. 1980ರಲ್ಲಿ ಕಾನೂನು ಆಯೋಗ ತನ್ನ 84ನೇ ವರದಿಯಲ್ಲಿ, ಬರೀ ಒಪ್ಪಿಗೆ ಅಂದರೆ ಸಾಲದು, ಸ್ವತಂತ್ರವಾದ, ಸ್ವಇಚ್ಛೆಯ ಒಪ್ಪಿಗೆ ಅಂತ ಬರೆಯಿರಿ ಎಂದಿತು. ಅದೇ ವರ್ಷ ಮಸೂದೆ ಬಂತು. ಪಾರ್ಲಿಮೆಂಟಿನ ಎರಡೂ ಸದನಗಳ ಜಂಟಿ ಸಮಿತಿಗೆ ಹೋಯಿತು. ಸಮಿತಿಯ ವರದಿ ಬಂದದ್ದು 1982ರಲ್ಲಿ, ಕಾಯಿದೆಯಾದದ್ದು 1983ರಲ್ಲಿ.

ಸಿಕ್ಕಿದ್ದು ಸಣ್ಣದಲ್ಲ. ಠಾಣೆ, ಜೈಲು, ಆಸ್ಪತ್ರೆಗಳಲ್ಲಿ ಅಧಿಕಾರದಲ್ಲಿದ್ದವನು ಅತ್ಯಾಚಾರ ಮಾಡಿದರೆ ಕನಿಷ್ಠ 10 ವರ್ಷ ಶಿಕ್ಷೆ. ಅಂಥ ಕೇಸಿನಲ್ಲಿ ಸಂಭೋಗ ಸಾಬೀತಾಗಿ, 'ನಾನು ಒಪ್ಪಿರಲಿಲ್ಲ' ಎಂದು ಹೆಣ್ಣು ಹೇಳಿದರೆ ಕೋರ್ಟು ಆ ಮಾತನ್ನೇ ಹಿಡಿದು ಹೊರಡಬೇಕು; ಅಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ನೊಂದವಳ ಹೆಸರು ಅಚ್ಚುಹಾಕಕೂಡದು ಎಂಬ ನಿಯಮವೂ ಆಗಲೇ ಬಂತು. ನಾವೂ ಇಲ್ಲಿ ಅವಳ ಹೆಸರು ಬರೆದಿಲ್ಲ.

ಆದರೆ ಆಯೋಗ ಹೇಳಿದ ಆ ಮಾತು ಬಿಟ್ಟುಹೋಯಿತು. 'ಸ್ವತಂತ್ರವಾದ' ಎಂಬ ಪದ ಕಾಯಿದೆಯೊಳಕ್ಕೆ ಬರಲಿಲ್ಲ. ಅವಳ ನಡತೆ ಎಂಥದು ಅಂತ ಕೆದಕಲು ಬಿಡುತ್ತಿದ್ದ ಸಾಕ್ಷ್ಯ ಕಾಯಿದೆಯ ಕಲಮು 2002ರ ಕೊನೆಯವರೆಗೂ ಉಳಿಯಿತು.

2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ನಂತರ ದೇಶ ಮತ್ತೆ ಎದ್ದಿತು. 2013ರ ಕಾಯಿದೆ ಕೊನೆಗೂ ಬಿಡಿಸಿ ಹೇಳಿತು: ಒಪ್ಪಿಗೆ ಅನುಮಾನಕ್ಕೆಡೆಯಿಲ್ಲದಂತೆ, ಸ್ವಇಚ್ಛೆಯಿಂದ ಬರಬೇಕು, ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳು ಅನ್ನುವ ಹಾಗಿಲ್ಲ. ದೇಸಾಯಿಗಂಜಿನ ಹುಡುಗಿಗೆ ಸಿಗಬೇಕಾಗಿದ್ದ ವಾಕ್ಯ ಇದು.

ಅದೇ ವರ್ಷ ವರ್ಮಾ ಸಮಿತಿ, ಗಂಡನಿಗೆ ಕೊಟ್ಟ ವಿನಾಯಿತಿ ತೆಗೆಯಿರಿ ಎಂದಿತ್ತು. ಪಾರ್ಲಿಮೆಂಟಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ ಒಪ್ಪಲಿಲ್ಲ. ಇಡೀ ಕುಟುಂಬ ವ್ಯವಸ್ಥೆಗೇ ಒತ್ತಡ ಬೀಳುತ್ತದೆ ಎಂದಿತು. ಹೆಂಡತಿಯ ಒಪ್ಪಿಗೆಯನ್ನು ತಾಳಿ ಕಟ್ಟಿದ ದಿನವೇ ಬರೆಸಿಕೊಂಡಾಯಿತೆ? ಇದು ಜೀತದ ಪತ್ರವಲ್ಲದೆ ಇನ್ನೇನು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲಿ ಆ ಒಳ್ಳೆಯ ವಾಕ್ಯವೂ ಇದೆ, ಗಂಡನ ವಿನಾಯಿತಿಯೂ ಇದೆ.

ಮೇಷ್ಟ್ರುಗಳೆ, ಗೆಳೆಯರೆ, ಕಾಯಿದೆ ಬದಲಾದರೂ ಅರಳಿಕಟ್ಟೆಯ ಮಾತು ಬದಲಾಗಿಲ್ಲ. 'ಅವಳ್ಯಾಕೆ ಕೂಗಲಿಲ್ಲ?' ಅಂತ ಇನ್ನೂ ಕೇಳುವವರಿದ್ದಾರೆ. ಅಲ್ಲಿ ನಾವು ಬಾಯಿ ಮುಚ್ಚಿ ಕೂತರೆ, ನಮ್ಮ ಮೌನವನ್ನೂ ಅವರು ಒಪ್ಪಿಗೆ ಅಂತಲೇ ಬರೆದುಕೊಳ್ಳುತ್ತಾರೆ.